ಮಿಲಿಟರಿ ವಿಮಾನದಲ್ಲಿ ಕೆಲಸಕ್ಕೆ ಹೋಗೋರು: ಟಿಕೆಟ್ ಇರಲ್ಲ, ಒಂದು ಪತ್ರ ಇರುತ್ತೆ

ಸೋಲೂರಿಂದ ಮಾತಾಡ್ತಿದ್ದೀನಿ. ನಮ್ಮ ಕಡೆ ಐಟಿಐ ಮುಗಿಸಿದ ಹುಡುಗರು ನೆಲಮಂಗಲ, ದಾಬಸ್‌ಪೇಟೆ ಫ್ಯಾಕ್ಟರಿಗಳಿಗೆ ಹೋಗೋದು ಮಾಮೂಲಿ. ಈಚೆಗೆ ಕೇಳುಗರೊಬ್ಬರು ವಾಟ್ಸಾಪ್‌ನಲ್ಲಿ ಕೇಳಿದ್ರು: "ವಿದೇಶದ ಸೇನಾ ನೆಲೆಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ, ಮಿಲಿಟರಿ ವಿಮಾನದಲ್ಲೇ ಕರ್ಕೊಂಡು ಹೋಗ್ತಾರಂತೆ. ಇದು ನಿಜಾನಾ?"

ಇಂಥ ಕೆಲಸ ಇರೋದು ನಿಜ. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋದಾಗ ಅಲ್ಲಿಂದ ವಾಪಸ್ ಬಂದವರಲ್ಲಿ ಮಂಗಳೂರು, ಉಳ್ಳಾಲದ ಕಡೆಯವರೂ ಇದ್ರು. ಅವರು ಸೈನಿಕರಲ್ಲ. ಅಮೆರಿಕ ಮತ್ತು ನೇಟೋ ಪಡೆಗಳ ನೆಲೆಗಳಲ್ಲಿ ಗುತ್ತಿಗೆ ಕಂಪನಿಗಳ ಮೂಲಕ ದುಡೀತಿದ್ದವರು. ಹಲವರನ್ನು ಮೊದಲು ಮಿಲಿಟರಿ ವಿಮಾನದಲ್ಲಿ ಕತಾರ್‌ಗೆ ಸಾಗಿಸಿ, ಅಲ್ಲಿಂದ ಭಾರತಕ್ಕೆ ಕಳಿಸಿದ್ರು. ಆಗಸ್ಟ್ 15ರಂದು ಅಮೆರಿಕದ ಒಂದೇ ಸಿ-17 ವಿಮಾನ 823 ಜನರನ್ನು ಹೊತ್ತು ಕಾಬೂಲ್ ಬಿಟ್ಟಿತ್ತು.

ಮಾಮೂಲಿ ದಿನಗಳಲ್ಲಿ ಈ ಪ್ರಯಾಣ ಹೇಗಿರುತ್ತೆ? ಸಾಮಾನ್ಯ ವಿಮಾನ ಇಳಿಯದ ನೆಲೆಗಳಿಗೆ ಹೆಚ್ಚಾಗಿ ಸಿ-130 ಥರದ ಸರಕು ವಿಮಾನದಲ್ಲಿ ಹೋಗಬೇಕು. ಪಕ್ಕದ ಗೋಡೆಗೆ ಬಿಗಿದ ನೈಲಾನ್ ಪಟ್ಟಿಯ ಸೀಟು, ಎದುರುಬದುರು ಸಾಲು. ಕಿಟಕಿ ಇದ್ರೂ ಒಂದೆರಡು. ಸದ್ದು ಎಷ್ಟು ಅಂದ್ರೆ ಕಿವಿಗೆ ಇಯರ್‌ಪ್ಲಗ್ ಬೇಕೇ ಬೇಕು. ಬ್ಯಾಗುಗಳನ್ನೆಲ್ಲ ಒಂದು ಹಲಗೆ ಮೇಲೆ ಪೇರಿಸಿ ಬಲೆ ಹಾಕಿ ಕಟ್ತಾರೆ. ಯುದ್ಧಭೂಮಿಯಾದ್ರೆ ಹೆಲ್ಮೆಟ್, ಗುಂಡು ತಡೆಯೋ ಕವಚ. ಹೊರಡೋ ಟೈಮ್ ಯಾವಾಗ ಬೇಕಾದ್ರೂ ಬದಲಾಗುತ್ತೆ.

ಈ ವಿಮಾನಕ್ಕೆ ದುಡ್ಡು ಕೊಟ್ಟು ಟಿಕೆಟ್ ತಗೊಳ್ಳೋಕಾಗಲ್ಲ. ಅಮೆರಿಕದ ಗುತ್ತಿಗೆಯಾದ್ರೆ ಕೆಲಸಗಾರನ ಹೆಸರಲ್ಲಿ ಒಂದು ಅನುಮತಿ ಪತ್ರ ಹೊರಡುತ್ತೆ. ನೀವು ಯಾವ ಗುತ್ತಿಗೆಯಡಿ ಬಂದಿದ್ದೀರಿ, ಮಿಲಿಟರಿ ವಿಮಾನ, ಮೆಸ್ ಊಟ, ಚಿಕಿತ್ಸೆ ಇವುಗಳಲ್ಲಿ ಯಾವುದು ಸಿಗುತ್ತೆ ಅಂತ ಅದರಲ್ಲಿ ಬರೆದಿರುತ್ತೆ. ನಾನು ಬಿ.ಕಾಂ. ಓದಿದವನು, ಕಾಗದ ನೋಡಿದ್ರೆ ಮೊದಲು ಹುಡುಕೋದು ಹೊಣೆ ಯಾರದ್ದು ಅಂತ. ಮೇಲೊಂದು ದೊಡ್ಡ ಕಂಪನಿ, ಅದರ ಕೆಳಗೆ ಸಬ್ ಕಾಂಟ್ರಾಕ್ಟರ್, ಅವನ ಕೆಳಗೆ ಇನ್ನೊಬ್ಬ, ಕೊನೆಗೆ ಊರಿನ ಏಜೆಂಟ್. ಏನಾದ್ರೂ ಆದ್ರೆ ಏಜೆಂಟ್ ಫೋನ್ ಎತ್ತಲ್ಲ. ಆಗ ಕೈ ಹಿಡಿಯೋದು ಕಾಗದ ಮಾತ್ರ.

ಕಾಗದ ಇಲ್ಲದಿದ್ರೆ ಏನಾಗುತ್ತೆ? 2004ರ ಆಗಸ್ಟ್‌ನಲ್ಲಿ ಇರಾಕ್‌ನಲ್ಲಿ 12 ನೇಪಾಳಿ ಯುವಕರನ್ನು ಉಗ್ರರು ಕೊಂದರು. ಜೋರ್ಡಾನ್‌ನ ಹೋಟೆಲ್ ಕೆಲಸ ಅಂತ ಹೇಳಿ ಕರೆಸಿಕೊಂಡು, ರಸ್ತೆ ಮೂಲಕ ಅಲ್ ಅಸಾದ್ ವಾಯುನೆಲೆಗೆ ಸಾಗಿಸ್ತಿದ್ರು. ಕೆಲಸ ಯಾವುದು, ದೇಶ ಯಾವುದು ಅನ್ನೋದೇ ಅವರಿಗೆ ಸರಿಯಾಗಿ ಹೇಳಿರಲಿಲ್ಲ. ವರ್ಷಗಳ ಕಾನೂನು ಹೋರಾಟದ ನಂತರ ಅವರ ಮನೆಯವರಿಗೆ ಪರಿಹಾರ ಸಿಕ್ತು.

ಆ ಪರಿಹಾರ ಕೊಡಿಸಿದ್ದು ಅಮೆರಿಕದ 1941ರ ಡಿಫೆನ್ಸ್ ಬೇಸ್ ಆಕ್ಟ್. ಇದನ್ನ ಗಮನಿಸಿ ಕೇಳಿ. ಅಮೆರಿಕದ ಹೊರಗಿನ ಅವರ ಸೇನಾ ನೆಲೆಗಳಲ್ಲಿ ಗುತ್ತಿಗೆ ಕೆಲಸ ಮಾಡೋರಿಗೆ ಕಂಪನಿ ವಿಮೆ ಮಾಡಿಸಲೇಬೇಕು. ನೀವು ಯಾವ ದೇಶದವರು ಅನ್ನೋದು ಲೆಕ್ಕಕ್ಕಿಲ್ಲ. ಗಾಯವಾದ್ರೆ ಚಿಕಿತ್ಸೆ; ದುಡಿಯೋಕಾಗದಿದ್ರೆ, ಮಿತಿಯೊಳಗೆ, ವಾರದ ಸರಾಸರಿ ಸಂಬಳದ ಮೂರನೇ ಎರಡು ಭಾಗ; ಸತ್ರೆ ಕುಟುಂಬಕ್ಕೆ ಪರಿಹಾರ. ಗಾಯವಾದ 30 ದಿನದೊಳಗೆ ಲಿಖಿತವಾಗಿ ತಿಳಿಸಬೇಕು, ಸಾಮಾನ್ಯವಾಗಿ ಒಂದು ವರ್ಷದೊಳಗೆ ಕ್ಲೇಮ್ ಹಾಕಬೇಕು. ಅಮೆರಿಕದ ಗುತ್ತಿಗೆ ನಿಯಮದಲ್ಲಿ ಇನ್ನೂ ಎರಡು ಮಾತಿದೆ: ಕೆಲಸಗಾರನ ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳೋ ಹಾಗಿಲ್ಲ, ನೇಮಕಾತಿ ಶುಲ್ಕ ವಸೂಲಿ ಮಾಡೋ ಹಾಗಿಲ್ಲ.

ನಮ್ಮ ದೇಶದ ಕಡೆಯಿಂದ 1983ರ ವಲಸೆ ಕಾಯ್ದೆ ಇದೆ. ಏಜೆಂಟ್ ನೋಂದಾಯಿತನಾ ಅಂತ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ನೋಡಬಹುದು. ನೋಂದಾಯಿತ ಏಜೆಂಟ್ ಕೂಡ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ತಗೊಳ್ಳೋ ಹಾಗಿಲ್ಲ, ಅದಕ್ಕೂ ರಸೀದಿ ಕೊಡಬೇಕು. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗಕ್ಕೆ ಬರುತ್ತೆ. ಅವರು ಇರಾಕ್, ಅಫ್ಘಾನಿಸ್ತಾನ, ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗೋಕೆ ಮುಂಚೆ ವಲಸೆ ಅನುಮತಿ ಪಡೀಬೇಕು. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ: ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ. ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ನೋಡ್ಕೊಳ್ಳೋಣ ಅಂದ್ರೆ ಇದ್ಯಾವುದೂ ಅನ್ವಯಿಸಲ್ಲ.

ಹಾಗಾಗಿ ಆ ಕೇಳುಗರಿಗೆ ನಾನು ಹೇಳೋದು ಇಷ್ಟು. ಏಜೆಂಟ್ ಹತ್ರ ವಿಮಾನದ ಫೋಟೋ ಕೇಳಬೇಡಿ. ಸಂಬಳ ಕೊಡೋ ಕಂಪನಿ ಯಾವುದು, ನೆಲೆ ಯಾವ ದೇಶದಲ್ಲಿದೆ, ವಿಮೆ ಯಾರ ಹತ್ರ ಇದೆ, ಈ ಮೂರೂ ಬರಹದಲ್ಲಿ ಕೇಳಿ. ಸಿಕ್ಕಿದ ಕಾಗದಗಳನ್ನೆಲ್ಲ ಫೋಟೋ ತೆಗೆದು ಮನೆಯವರ ಫೋನ್‌ಗೂ ಕಳಿಸಿಡಿ. ಬರೆದು ಕೊಡಲ್ಲ ಅಂದ್ರೆ ಆ ಕೆಲಸ ಬೇಡ. ದಾಬಸ್‌ಪೇಟೆ ಬಸ್ ದಿನಾ ಇದ್ದೇ ಇದೆ.