ಬಾತುಕೋಳಿ ವಿಮಾನಕ್ಕೆ ಕಾರಿನ ಎಂಜಿನ್

ಕಳೆದ ಬೇಸಿಗೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಪುರವರದ ನಮ್ಮ ಮನೆಗೆ ಬಂದಿದ್ದ. ಈಗ ಕಾರುಗಳ ಗ್ಯಾರೇಜ್ ಇಟ್ಟುಕೊಂಡಿದ್ದಾನೆ. ಕಾಫಿ ಮುಗಿಯುವ ಮುನ್ನವೇ ಕೇಳಿದ: 'ಸಾರ್, ಗುಜರಿ ಕಾರಿನ ಡೀಸೆಲ್ ಎಂಜಿನ್ ಕೂರಿಸಿ ಇಬ್ಬರು ಕೂರುವ ವಿಮಾನ ಮಾಡಬಹುದಾ? ಮುಂದೆ ಪುಟ್ಟ ರೆಕ್ಕೆ, ಹಿಂದೆ ಫ್ಯಾನು ಇರುತ್ತಲ್ಲ, ಅಂಥದ್ದು.' ನಗುವಂತಿರಲಿಲ್ಲ. ಆಗಲೇ ಎಂಜಿನ್ ಬೆಲೆ ವಿಚಾರಿಸಿಕೊಂಡು ಬಂದಿದ್ದ.

ಅಂಥ ವಿಮಾನಕ್ಕೆ 'ಕನಾರ್ಡ್' ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಹಾಗೆಂದರೆ ಬಾತುಕೋಳಿ. ಬಾಲದಲ್ಲಿರಬೇಕಾದ ಸಣ್ಣ ರೆಕ್ಕೆ ಇದರಲ್ಲಿ ಮೂಗಿನ ಬಳಿ ಇರುತ್ತದೆ. 1903ರ ರೈಟ್ ಸಹೋದರರ ವಿಮಾನವೂ ಇದೇ ಬಗೆಯದು. ಅಮೆರಿಕದ ಬರ್ಟ್ ರುಟಾನ್ ರೂಪಿಸಿ 1979ರಲ್ಲಿ ಹಾರಿದ 'ಲಾಂಗ್-ಈಜಿ'ಯನ್ನು ಫೋಮಿನ ಮೇಲೆ ಗಾಜಿನ ನಾರಿನ ಬಟ್ಟೆ ಅಂಟಿಸಿ ಹವ್ಯಾಸಿಗಳು ಮನೆಯಲ್ಲೇ ಕಟ್ಟಿಕೊಂಡರು. ಅದೇ ಮಾದರಿಯನ್ನು ಆಧರಿಸಿ ಬೆಂಗಳೂರಿನ ಎನ್‌ಎಎಲ್ ಸಂಸ್ಥೆ ಕಟ್ಟಿದ ಹಗುರ ಕನಾರ್ಡ್ ಸಂಶೋಧನಾ ವಿಮಾನ 1987ರಲ್ಲಿ ಹಾರಿತು. ಅದರ ಬೆನ್ನಿಗೇ 1993ರಲ್ಲಿ ಅದೇ ಸಂಸ್ಥೆಯ 'ಹಂಸ' ತರಬೇತಿ ವಿಮಾನ ಬಂತು. ಬಾತುಕೋಳಿಯ ಹಿಂದೆ ಹಂಸ!

ಡೀಸೆಲ್ ಆಸೆಗೂ ಕಾರಣವಿದೆ. ಈ ಎಂಜಿನ್ನಿಗೆ ಕಿಡಿ ಬೇಡ. ಗಾಳಿಯನ್ನು ಹದಿನಾರು, ಹದಿನೆಂಟು ಪಟ್ಟು ಒತ್ತಿದಾಗ ಹುಟ್ಟುವ ಬಿಸಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಅಷ್ಟೇ ಕೆಲಸಕ್ಕೆ ಎಣ್ಣೆ ಕಡಿಮೆ ಸಾಕು. ಜರ್ಮನಿಯ ಥೀಲರ್ಟ್ ಕಂಪನಿ ಮರ್ಸಿಡಿಸ್ ಕಾರಿನ 1.7 ಲೀಟರ್ ಡೀಸೆಲ್ ಎಂಜಿನನ್ನು ಮಾರ್ಪಡಿಸಿ, ಜೆಟ್ ಇಂಧನದಲ್ಲೂ ಓಡುವ 135 ಅಶ್ವಶಕ್ತಿಯ ವಿಮಾನ ಎಂಜಿನ್ ಮಾಡಿ 2002ರಲ್ಲಿ ಅಧಿಕೃತ ಮಾನ್ಯತೆ ಪಡೆಯಿತು.

ಆದರೆ ತೂಕ? ಲಾಂಗ್-ಈಜಿಗೆ ಹಾಕುವ ಪೆಟ್ರೋಲ್ ಎಂಜಿನ್ 110 ಕೆ.ಜಿ. ಆಸುಪಾಸಿನದು. ಥೀಲರ್ಟ್ ಎಂಜಿನ್ 130 ದಾಟುತ್ತದೆ. ರೇಡಿಯೇಟರ್, ನೀರು ಬೇರೆ. ಏಳನೇ ತರಗತಿಯ ಸನ್ನೆಗೋಲಿನ ಪಾಠ ನೆನಪಿಸಿದೆ. ಸಮತೋಲದ ಬಿಂದುವಿನಿಂದ 1 ಮೀಟರ್ ಹಿಂದೆ 25 ಕೆ.ಜಿ. ಹೆಚ್ಚಾದರೆ, 2.5 ಮೀಟರ್ ಮುಂದೆ ಮೂಗಿನಲ್ಲಿ 10 ಕೆ.ಜಿ. ಸೀಸ ಇಡಬೇಕು. ಇಡದಿದ್ದರೆ? ವೇಗ ತಗ್ಗಿದಾಗ ಮುಂದಿನ ಪುಟ್ಟ ರೆಕ್ಕೆ ಮೊದಲು ಸೋತು, ಮೂಗು ತಾನಾಗಿ ಕೆಳಗಿಳಿಯಬೇಕು. ಕನಾರ್ಡಿನ ಸುರಕ್ಷತೆ ಇರುವುದೇ ಅಲ್ಲಿ. ಭಾರ ಹಿಂದಕ್ಕೆ ಸರಿದರೆ ದೊಡ್ಡ ರೆಕ್ಕೆಯೇ ಮೊದಲು ಸೋಲಬಹುದು. ಆಮೇಲೆ ವಿಮಾನ ಯಾರ ಮಾತನ್ನೂ ಕೇಳದು.

ಎರಡನೆಯದು ಕಂಪನ. ಡೀಸೆಲ್ ಎಂಜಿನ್ನಿನ ಒಂದೊಂದು ಹೊಡೆತವೂ ಬಲವಾದದ್ದು. ನಿಮಿಷಕ್ಕೆ 3900 ಸುತ್ತನ್ನು ಪ್ರೊಪೆಲರ್‌ಗೆ ಒಗ್ಗುವ 2300ಕ್ಕೆ ಇಳಿಸಲು ಗೇರ್‌ಬಾಕ್ಸ್ ಬೇಕು. ಥೀಲರ್ಟ್ ಎಂಜಿನ್ನಿನಲ್ಲಿ 300 ಗಂಟೆಗೊಮ್ಮೆ ಆ ಪೆಟ್ಟಿಗೆಯನ್ನೇ ಬಿಚ್ಚಿ ತಪಾಸಣೆಗೆ ಕಳಿಸಬೇಕಾಗಿತ್ತು.

ಮೂರನೆಯದು ಬ್ಯಾಟರಿ. ನಮ್ಮ ಹೊಲಗಳ ಹಳೆಯ ಡೀಸೆಲ್ ಪಂಪ್‌ಸೆಟ್ಟು ಹ್ಯಾಂಡಲ್ ತಿರುಗಿಸಿದರೆ ಸಾಕು, ಕರೆಂಟಿನ ಹಂಗಿಲ್ಲದೆ ಓಡುತ್ತದೆ. ಇಂದಿನ ಕಾರಿನ ಡೀಸೆಲ್ ಹಾಗಲ್ಲ. ಇಂಧನ ಚಿಮ್ಮಿಸುವುದು ಕಂಪ್ಯೂಟರ್. 2007ರ ಮಾರ್ಚ್‌ನಲ್ಲಿ ಜರ್ಮನಿಯ ಸ್ಪೇಯರ್‌ನಲ್ಲಿ ಇಂಥ ಎರಡು ಎಂಜಿನ್ನಿನ ವಿಮಾನವೊಂದನ್ನು ಬ್ಯಾಟರಿ ಸೋತಿದ್ದರಿಂದ ಹೊರಗಿನ ವಿದ್ಯುತ್ತಿನಿಂದ ಚಾಲೂ ಮಾಡಿದ್ದರು. ಮೇಲೇರಿ ಚಕ್ರ ಮಡಚಿದೊಡನೆ ವೋಲ್ಟೇಜ್ ಕುಸಿದು ಎರಡೂ ಎಂಜಿನ್ ನಿಂತವು.

ಹುಡುಗನ ಮುಖ ಬಾಡಿತು. 'ಹಾಗಾದರೆ ಬೇಡ ಅಂತೀರಾ ಸಾರ್?'

'ಬೇಡ ಅನ್ನಲಿಲ್ಲಪ್ಪ. ಮೊದಲು ಕಬ್ಬಿಣದ ಸ್ಟ್ಯಾಂಡ್ ಮಾಡಿ ನೆಲಕ್ಕೆ ಬಿಗಿ. ಪ್ರೊಪೆಲರ್ ಹಾಕಿ, ಸುತ್ತ ಬೇಲಿ ಕಟ್ಟಿ, ನೂರು ಗಂಟೆ ಓಡಿಸಿ ನೋಡು. ಬಿಸಿ, ಕಂಪನ, ಎಣ್ಣೆಯ ಲೆಕ್ಕ ಬರೆದಿಡು. ಹಾರುವ ಮಾತು ಬಂದಾಗ ನಾಗರಿಕ ವಿಮಾನಯಾನ ನಿರ್ದೇಶನಾಲಯದ ಅನುಮತಿ ಇಲ್ಲದೆ ಒಂದಡಿಯೂ ಏಳಬೇಡ' ಎಂದೆ.

ಮೊನ್ನೆ ಫೋನ್ ಮಾಡಿದ್ದ. ಸ್ಟ್ಯಾಂಡ್ ಸಿದ್ಧವಾಗಿದೆಯಂತೆ. ಎಂಜಿನ್ ಕೂರಿಸುವ ಮೊದಲು ಅದನ್ನು ತೂಕಕ್ಕೆ ಹಾಕಿಸಿದನಂತೆ.

'ಸಾರ್, ನಾನು ಅಂದುಕೊಂಡಿದ್ದಕ್ಕಿಂತ ಭಾರ ಇದೆ' ಎಂದ. ಪಾಠ ಅಲ್ಲಿಗೆ ಶುರುವಾಯಿತು.