ಮೃಗಾಲಯದ ಪ್ರಾಣಿಗೆ ರೋಗ ಬರುವ ದಾರಿ

ಸಿದ್ಧಕಟ್ಟೆಯ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಪಿಲಿಕುಳಕ್ಕೆ ಹೋದವರು, ಮೂಲೆಯಲ್ಲಿ ಮಲಗಿದ ಹುಲಿಯನ್ನು ಕಂಡು ‘ಇದಕ್ಕೆ ಹುಷಾರಿಲ್ಲವೋ ಏನೋ’ ಎನ್ನುವುದುಂಟು. ಬಿಸಿಲಿನ ಹೊತ್ತು ಹುಲಿ ಮಲಗುವುದು ಸಹಜ. ನಿಜವಾಗಿ ಕಾಯಿಲೆ ಬಿದ್ದ ಪ್ರಾಣಿಯನ್ನು ಗುರುತಿಸುವುದೇ ಕಷ್ಟ. ಕಾಡಿನಲ್ಲಿ ಬಲಗುಂದಿದ ಪ್ರಾಣಿ ಶತ್ರುವಿನ ಕಣ್ಣಿಗೆ ಬೇಗ ಬೀಳುತ್ತದೆ. ಆದ್ದರಿಂದ ಕಾಡುಪ್ರಾಣಿಗಳು ನೋವನ್ನು ಆದಷ್ಟು ಮರೆಮಾಚುತ್ತವೆ.

ಹೀಗಾಗಿ ಮೃಗಾಲಯದಲ್ಲಿ ಮೊದಲ ವೈದ್ಯ ಎಂದರೆ ಪ್ರಾಣಿಪಾಲಕನೇ. ನಿನ್ನೆ ಹಾಕಿದ ಮಾಂಸ ಎಷ್ಟು ಉಳಿದಿದೆ, ಮಲ ಗಟ್ಟಿಯಾಗಿದೆಯೋ ನೀರಾಗಿದೆಯೋ, ನಡಿಗೆಯಲ್ಲಿ ಕುಂಟು ಇದೆಯೋ ಎಂದು ಆತ ದಿನವೂ ನೋಡುತ್ತಾನೆ. ಹುಲಿ, ಸಿಂಹಗಳಿಗೆ ವಾರಕ್ಕೊಂದು ದಿನ ಉಪವಾಸವಿರುವುದು ವಾಡಿಕೆ. ಆ ದಿನ ತಿನ್ನದಿದ್ದರೆ ಗಾಬರಿಯಿಲ್ಲ, ಮರುದಿನವೂ ಮೂಸಿ ಬಿಟ್ಟರೆ ವೈದ್ಯರಿಗೆ ಕರೆ ಹೋಗುತ್ತದೆ. ಅವರಾದರೂ ನಾಡಿ ಹಿಡಿದು ನೋಡುವಂತಿಲ್ಲ. ಅರಿವಳಿಕೆಯ ಸೂಜಿಯನ್ನು ದೂರದಿಂದ ಹಾರಿಸಿ ಮಲಗಿಸಬೇಕು. ಜಿಂಕೆ ಜಾತಿಯವನ್ನು ಅಟ್ಟಿಸಿ ಹಿಡಿದರೆ ಹೆದರಿಕೆ, ಓಟಗಳ ಆಯಾಸದಿಂದಲೇ ಸ್ನಾಯುಗಳು ಕೆಟ್ಟು ಸಾಯಬಹುದು. ಆದ್ದರಿಂದ ರೋಗ ಒಳಗೆ ಬಾರದಂತೆ ತಡೆಯುವುದೇ ಇಲ್ಲಿ ಮುಖ್ಯ ಚಿಕಿತ್ಸೆ. ಹೊಸದಾಗಿ ಬಂದ ಪ್ರಾಣಿಯನ್ನು ಕೆಲವು ವಾರ ಪ್ರತ್ಯೇಕ ಇಡುವುದು, ಲಸಿಕೆ, ಜಂತುನಾಶಕ, ಪಾಲಕರ ಕಾಲಿಗೆ ಔಷಧದ ನೀರಿನ ತೊಟ್ಟಿ, ಎಲ್ಲವೂ ಅದಕ್ಕಾಗಿಯೇ.

ಇಷ್ಟಿದ್ದರೂ ರೋಗ ನುಸುಳುತ್ತದೆ. 2023ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಬನ್ನೇರುಘಟ್ಟದಲ್ಲಿ ಏಳು ಚಿರತೆಮರಿಗಳು ಸುಮಾರು ಎರಡು ವಾರದೊಳಗೆ ಸತ್ತವು. ಕಾರಣ ‘ಫೆಲೈನ್ ಪ್ಯಾನ್‌ಲ್ಯುಕೋಪೀನಿಯಾ’ ಎಂಬ ವೈರಸ್ ರೋಗ. ಇದು ನಮ್ಮ ಮನೆಯ ಬೆಕ್ಕಿಗೂ ಬರುತ್ತದೆ. ಕರುಳಿನ ಒಳಪದರವನ್ನೂ ರಕ್ತದ ಬಿಳಿಕಣಗಳನ್ನೂ ನಾಶಮಾಡುತ್ತದೆ. ವಾಂತಿ, ಭೇದಿಯಿಂದ ಮರಿ ಸೊರಗಿ ಹೋಗುತ್ತದೆ. ಮನುಷ್ಯರಿಗೆ ಇದು ಅಂಟುವುದಿಲ್ಲ. ಆದರೆ ನಮ್ಮ ಚಪ್ಪಲಿ, ಬಟ್ಟೆ, ಪಾತ್ರೆಗಳಲ್ಲಿ ವೈರಸ್ ಸಾಗಬಲ್ಲದು, ನೆಲದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಆ ಮರಿಗಳಿಗೆ ಲಸಿಕೆ ಹಾಕಲಾಗಿತ್ತು. ಹಾಗಿದ್ದರೆ ಲಸಿಕೆ ಸುಳ್ಳೇ ಎಂದು ನೀವು ಕೇಳಬಹುದು. ಯಾವ ಲಸಿಕೆಯೂ ನೂರಕ್ಕೆ ನೂರು ರಕ್ಷಣೆ ಕೊಡುವುದಿಲ್ಲ. ತಾಯಿಹಾಲಿನಿಂದ ಬಂದ ರೋಗನಿರೋಧಕ ಅಂಶ ಮರಿಯ ರಕ್ತದಲ್ಲಿರುವಷ್ಟು ದಿನ ಲಸಿಕೆ ಸರಿಯಾಗಿ ನಾಟದಿರುವುದೂ ಉಂಟು.

2025ರ ನವೆಂಬರಿನಲ್ಲಿ ಬೆಳಗಾವಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿ 31 ಕೃಷ್ಣಮೃಗಗಳು ಸತ್ತದ್ದು ಗಳಲೆ ರೋಗದಿಂದ. ದನ, ಎಮ್ಮೆ ಸಾಕುವವರಿಗೆ ಈ ಹೆಸರು ಹೊಸದಲ್ಲ. ಮಳೆಗಾಲಕ್ಕೆ ಮುಂಚೆ ಪಶುವೈದ್ಯರು ಚುಚ್ಚುಮದ್ದು ಹಾಕುವುದು ಇದಕ್ಕೇ. ಹಟ್ಟಿಯ ರೋಗ ಬೇರೆ, ಕಾಡಿನ ರೋಗ ಬೇರೆ ಎಂದುಕೊಂಡರೆ ಅದು ನಮ್ಮ ಲೆಕ್ಕ ಮಾತ್ರ, ರೋಗಾಣುವಿನದಲ್ಲ.

ಮೃಗಾಲಯಕ್ಕೆ ಹೋದಾಗ ಜಿಂಕೆ, ಮಂಗಗಳಿಗೆ ಬಿಸ್ಕತ್ತು, ಕಡಲೆ ಎಸೆಯಬೇಡಿ. ಹೊಟ್ಟೆ ಕೆಡುವುದಷ್ಟೇ ಅಲ್ಲ, ನಾವು ಕಚ್ಚಿ ಬಿಟ್ಟ ತಿಂಡಿಯ ಮೂಲಕ ನಮ್ಮ ಕಾಯಿಲೆ ಮಂಗಕ್ಕೆ ದಾಟಬಹುದು. ಪ್ಲಾಸ್ಟಿಕ್ ತೊಟ್ಟೆ ನುಂಗಿದ ಜಿಂಕೆಯ ಕರುಳು ಕಟ್ಟಿಕೊಳ್ಳಬಹುದು. ಕೆಮ್ಮು, ಜ್ವರ ಇರುವವರು ಪ್ರವಾಸವನ್ನು ಮುಂದಕ್ಕೆ ಹಾಕುವುದು ಒಳ್ಳೆಯದು. 2021ರಲ್ಲಿ ಹೈದರಾಬಾದ್ ಮೃಗಾಲಯದ ಎಂಟು ಸಿಂಹಗಳಿಗೆ ಕೊರೋನಾ ತಗಲಿತ್ತು.

ಮನೆಯಲ್ಲಿ ಬೆಕ್ಕಿನ ಮರಿ ಇದ್ದರೆ ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ ಹಾಕಿಸಿ, ಹದಿನಾರು ವಾರ ತುಂಬುವವರೆಗೆ ಮೂರು-ನಾಲ್ಕು ವಾರಕ್ಕೊಮ್ಮೆ ಮುಂದುವರಿಸಿ. ಮರಿ ವಾಂತಿ-ಭೇದಿಯಿಂದ ಸತ್ತಿದ್ದರೆ ಆ ಜಾಗವನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆಯಿರಿ. ಫಿನಾಯಿಲ್ ಬೇಡ, ಅದು ಬೆಕ್ಕಿಗೆ ವಿಷ.