ಹಿಂದಿರುಗುವ ವಿದ್ಯೆ

ಕಳೆದ ಕಾರ್ತಿಕ ಮಾಸದಲ್ಲಿ ನನ್ನ ವಿದ್ಯಾರ್ಥಿಯೊಬ್ಬನು ಒಂದು ವಾರದ ರಜೆ ಬೇಡಿಕೊಂಡು ಬಂದನು. ಬಿ.ಎ. ಅಂತಿಮ ವರ್ಷದ ಹುಡುಗ; ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಹಳ್ಳಿಯವನು. ಕಾಡು ನೋಡಲು ಬರುವವರಿಗೆ ಮಾರ್ಗದರ್ಶಿಯಾಗಬಯಸುವವರಿಗಾಗಿ ಏಳು ದಿನಗಳ ತರಬೇತಿಯೊಂದು ಏರ್ಪಾಡಾಗಿದ್ದಿತು. ಅದಕ್ಕೆ ನನ್ನದೊಂದು ಶಿಫಾರಸು ಪತ್ರವೂ ಬೇಕಾಗಿತ್ತು. “ಕಾಡಿನ ಮಗ್ಗುಲಲ್ಲಿಯೇ ಹುಟ್ಟಿದವನಿಗೆ ಕಾಡಿನ ಪಾಠವೇಕಯ್ಯಾ?” ಎಂದು ವಿನೋದಕ್ಕೆ ಕೇಳಿದೆ. “ನಮಗೆ ಕಾಡು ಅಂದರೆ ಆನೆ ಬರುವ ದಿಕ್ಕು, ಅಷ್ಟೇ ಸಾರ್” ಎಂದನು.

ಅವನ ತಂದೆಗೆ ಇರುವುದು ಎರಡು ಎಕರೆ ಜಮೀನು. ರಾಗಿಯ ತೆನೆ ಬಲಿಯುವ ಹೊತ್ತಿಗೆ ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕುಳಿತು ತಮಟೆ ಬಡಿಯಬೇಕು. ಹಿಂದಿನ ವರ್ಷ ಒಂದೇ ರಾತ್ರಿಯಲ್ಲಿ ಅರ್ಧ ಹೊಲ ಆನೆಗಳ ಪಾಲಾಗಿದ್ದಿತು. ಮಗನ ಹಂಬಲವನ್ನು ಕೇಳಿ ಅವರು, “ನಮ್ಮ ಅನ್ನ ತಿಂದ ಪ್ರಾಣೀನ ಪಟ್ಣದೋರಿಗೆ ತೋರ್ಸಿ ದುಡ್ಡು ಇಸ್ಕೊಂಡೀಯಾ?” ಎಂದರಂತೆ. ಆ ಪ್ರಶ್ನೆಗೆ ಹುಡುಗನಲ್ಲಿ ಉತ್ತರವಿರಲಿಲ್ಲ, ನನ್ನಲ್ಲಿಯೂ ಇರಲಿಲ್ಲ. ಪತ್ರವನ್ನು ಮಾತ್ರ ಬರೆದುಕೊಟ್ಟೆ.

ವಾರ ಕಳೆದು ಬಂದವನು ನನ್ನ ಮೇಜಿನ ಮೇಲೆ ಒಂದು ನೋಟುಪುಸ್ತಕವನ್ನಿಟ್ಟನು. ಮುಂದೆ ಬರೆಯುತ್ತಿರುವುದಕ್ಕೆಲ್ಲ ಅದೂ ಅವನ ಬಾಯಿಮಾತೂ ಆಧಾರ.

ಮೊದಲನೆಯ ದಿನ ಕಲಿತದ್ದು ಸುಮ್ಮನಿರುವುದನ್ನು. ಪಾಠ ಹೇಳಿದವರಲ್ಲಿ ಮುಖ್ಯರಾದವರು ಸೋಲಿಗರ ಒಬ್ಬ ಹಿರಿಯರು. ಹನ್ನೆರಡು ಮಂದಿ ಹುಡುಗರನ್ನು ಒಂದು ಬಂಡೆಯ ಬಳಿ ಕೂರಿಸಿ, ಎರಡು ಗಂಟೆಯ ಕಾಲ ಯಾರೂ ತುಟಿ ಬಿಚ್ಚಕೂಡದೆಂದರು. ಚಿಟಿಕೆ ಬೂದಿಯನ್ನು ಗಾಳಿಗೆ ಬಿಟ್ಟು ಅದು ತೂರಿಹೋದ ದಿಕ್ಕನ್ನು ತೋರಿಸಿದರು. ಮರದ ಮೇಲಿನ ಮುಸುವಗಳು ಉದುರಿಸಿದ ಚಿಗುರನ್ನು ಜಿಂಕೆಗಳು ಕೆಳಗೆ ನಿಂತು ಮೇಯುತ್ತವೆ. ಮುಸುವ ಮೇಲಿನಿಂದ ಹುಲಿಯನ್ನು ಕಂಡು ಕೂಗಿದರೆ ಜಿಂಕೆ ಓಡುತ್ತದೆ. ಆದರೆ ಕಡವೆಯೊಂದು ನಿಂತಲ್ಲಿಯೇ ನಿಂತು ಮತ್ತೆ ಮತ್ತೆ ಕೂಗಿತೆಂದರೆ ಸಂಶಯಕ್ಕೆ ಎಡೆ ಕಡಿಮೆ. ಇಷ್ಟನ್ನೂ ಅವರು ಕೈಸನ್ನೆಯಲ್ಲಿಯೇ ತಿಳಿಸಿದರಂತೆ. ಹುಡುಗನಿಗೆ ಪೂರ್ತಿ ಅರ್ಥವಾದದ್ದು ರಾತ್ರಿ ಊಟದ ಹೊತ್ತಿನಲ್ಲಿ.

ಎರಡನೆಯ ದಿನ ಹೆಜ್ಜೆಯ ಪಾಠ. ಹುಲಿ ಚಿರತೆಗಳು ನಡೆಯುವಾಗ ಉಗುರನ್ನು ಒಳಕ್ಕೆಳೆದುಕೊಳ್ಳುವುದರಿಂದ ಅವುಗಳ ಹೆಜ್ಜೆಯಲ್ಲಿ ಉಗುರಿನ ಗುರುತು ಬೀಳದು. ಸೀಳುನಾಯಿಯ ಹೆಜ್ಜೆಯಲ್ಲಿ ಬೀಳುತ್ತದೆ. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ದಾರದಿಂದ ಅಳೆದು ಇಮ್ಮಡಿ ಮಾಡಿದರೆ ಹೆಚ್ಚು ಕಡಿಮೆ ಅದರ ಭುಜದ ಎತ್ತರ ದೊರೆಯುತ್ತದೆ. ಅಂದು ಅಳೆದ ಹೆಜ್ಜೆ ನಾಲ್ಕೂವರೆ ಅಡಿ. ಅಂದಮೇಲೆ ಸಲಗ ಒಂಬತ್ತು ಅಡಿ. ಪುಸ್ತಕದಲ್ಲಿ ಈ ಲೆಕ್ಕದ ಕೆಳಗೆ ಹುಡುಗನು ಎರಡು ಗೆರೆ ಎಳೆದಿದ್ದನು.

ಮೂರನೆಯ ದಿನ ಅಪಾಯ, ಉಪಚಾರಗಳು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ—ಇವು ಕಚ್ಚಿದಲ್ಲಿ ಕೊಯ್ಯಬಾರದು, ಚೀಪಬಾರದು, ಬಿಗಿಯಾಗಿ ಕಟ್ಟಬಾರದು. ಕಡಿಸಿಕೊಂಡವನನ್ನು ಅಲುಗಾಡಿಸದೆ ಆಸ್ಪತ್ರೆಗೆ ಸೇರಿಸಬೇಕು. ಕರಡಿ ಬೆಚ್ಚಿಬಿದ್ದಾಗಲೇ ಮೈಮೇಲೆ ಬೀಳುವುದು. ಆದುದರಿಂದ ಪೊದೆ ದಟ್ಟವಾದೆಡೆ ಸದ್ದು ಮಾಡುತ್ತ ನಡೆಯಬೇಕು.

ನಾಲ್ಕನೆಯ ದಿನದ ಪುಟಗಳನ್ನೋದುವಾಗ ನನಗೆ ಸ್ವಲ್ಪ ನಾಚಿಕೆಯಾಯಿತು. ಮೊಸಳೆಯ ಬೆನ್ನಿನಂತೆ ಬಿರಿದ ತೊಗಟೆಯದು ಮತ್ತಿ, ಬಿಳಿಚಿದ ನುಣುಪು ತೊಗಟೆಯದು ದಿಂಡಿಗ ಎಂದು ಬರೆದಿದ್ದನು. ಅಷ್ಟಾದಶ ವರ್ಣನೆಗಳಲ್ಲಿ ವನವಿಹಾರವೂ ಒಂದೆಂದು ವರ್ಷವರ್ಷವೂ ಪಾಠ ಹೇಳುವ ನಾನು ಈ ಎರಡು ಮರಗಳನ್ನು ಬೇರೆಬೇರೆಯಾಗಿ ಗುರುತಿಸಲಾರೆ. ಅದೇ ಪುಟದಲ್ಲಿ ಲಂಟಾನದ ಕಥೆಯೂ ಇದ್ದಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಅಮೆರಿಕದಿಂದ ಭಾರತಕ್ಕೆ ಬಂದ ಈ ಪೊದೆ ಇಂದು ಬೆಟ್ಟದ ನೆಲವನ್ನೆಲ್ಲ ಮುತ್ತಿದೆ. ಹಿಂದೆ ಸೋಲಿಗರು ಬೇಸಿಗೆಯ ಮೊದಲಲ್ಲಿ, ಎಲೆ ಹೆಚ್ಚು ಉದುರುವ ಮುನ್ನ, ನೆಲದ ಮಟ್ಟದಲ್ಲಿಯೇ ಆರಿಹೋಗುವ ‘ತರಗು ಬೆಂಕಿ’ಯನ್ನು ಹಾಕುತ್ತಿದ್ದರು. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಲಂಟಾನ ಹಬ್ಬಿದ್ದು ಆಮೇಲೆ ಎಂಬುದು ಅವರ ಮಾತು. 2011ರಲ್ಲಿ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಸಮುದಾಯದ ಅರಣ್ಯ ಹಕ್ಕಿಗೂ ಮಾನ್ಯತೆ ದೊರೆಯಿತು. ಸಂಜೆ ಹುಡುಗರನ್ನು ಅವರು ಪೂಜಿಸುವ ದೊಡ್ಡಸಂಪಿಗೆಯ ಬಳಿಗೆ ಕರೆದೊಯ್ದಾಗ, ಹಿರಿಯರು ಚಪ್ಪಲಿ ಬಿಟ್ಟುದನ್ನು ಕಂಡು ಎಲ್ಲರೂ ಬಿಟ್ಟರಂತೆ.

ಐದನೆಯ ದಿನ ನಮ್ಮ ಹುಡುಗನಿಂದ ತಪ್ಪಾಯಿತು. ಬಿದಿರು ಮುರಿದ ಸದ್ದು ಕೇಳಿ, ಎಲ್ಲರಿಗಿಂತ ಮೊದಲು ನೋಡುವ ಆತುರದಲ್ಲಿ ತಿರುವನ್ನು ದಾಟಿ ಮುಂದಕ್ಕೆ ಓಡಿದನು. ಇಪ್ಪತ್ತು ಮಾರು ದೂರದಲ್ಲಿ ಆನೆಯ ಮರಿಯೊಂದು ನಿಂತಿದ್ದಿತು. ತಾಯಿ ಎತ್ತ ಇದೆಯೆಂದು ನೋಡುವಷ್ಟರಲ್ಲಿ ಎಡದ ಪೊದೆ ಸೀಳಿ, ಕಿವಿಯರಳಿಸಿ ಘೀಳಿಟ್ಟು ಬಂದಿತು. ಹಿರಿಯರು ಅಂಗಿಯ ಕಾಲರು ಹಿಡಿದು ಹಿಂದಕ್ಕೆಳೆದರು. ಆನೆ ಬೆದರಿಸಿ ನಿಂತು, ಮರಿಯನ್ನು ಕೂಡಿಕೊಂಡು ಹೋಯಿತು. ಹಿರಿಯರು ಬಯ್ಯಲಿಲ್ಲ. “ನೀನು ಅದನ್ನ ನೋಡ್ದೆ. ನಿನ್ನ ಹಿಂದೆ ಇದ್ದೋರನ್ನ ನೋಡ್ದಾ ಮಗಾ?” ಎಂದಷ್ಟೇ ಕೇಳಿದರು. ಆರನೆಯ ದಿನವೆಲ್ಲ ಅವನನ್ನು ಸಾಲಿನ ಕೊನೆಯಲ್ಲಿ ನಡೆಸಿದರು. ಆ ದಿನದ ಪುಟ ಖಾಲಿಯಿದ್ದಿತು.

ಏಳನೆಯ ದಿನ ಪರೀಕ್ಷೆ. ಒಬ್ಬೊಬ್ಬನೂ ಉಳಿದವರನ್ನು ಪ್ರವಾಸಿಗಳೆಂದೇ ಭಾವಿಸಿ ಕರೆದೊಯ್ಯಬೇಕು. ಇವನ ಪಾಲಿಗೆ ಬಂದದ್ದು ಹಳ್ಳಕ್ಕೆ ಇಳಿಯುವ ಕಾಲುದಾರಿ. ಹಳ್ಳ ಇನ್ನು ಎರಡು ಫರ್ಲಾಂಗು ಇರುವಾಗ ಲದ್ದಿ ಕಂಡಿತು. ಮುಟ್ಟಿದರೆ ಇನ್ನೂ ಬಿಸಿ. ಬೂದಿಯನ್ನು ಬಿಟ್ಟು ನೋಡಿದನು. ಗಾಳಿ ಬೆನ್ನ ಹಿಂದಿನಿಂದ ಹಳ್ಳದ ಕಡೆಗೆ ಬೀಸುತ್ತಿದ್ದಿತು. ಅಲ್ಲಿ ಆನೆಯಿದ್ದರೆ ಇವರು ಬರುವ ಸುದ್ದಿ ಇವರಿಗಿಂತ ಮೊದಲೇ ಅದಕ್ಕೆ ತಲುಪುತ್ತದೆ. ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿದನು. ಜೊತೆಯವರು ಗೊಣಗಿದರು, ಹಳ್ಳದಲ್ಲಿ ಏನಿತ್ತೆಂದು ಕೊನೆಗೂ ತಿಳಿಯಲಿಲ್ಲ. ತಾನು ನಪಾಸಾದೆನೆಂದೇ ಹುಡುಗನು ತಿಳಿದಿದ್ದನು. ಬಿಡಾರಕ್ಕೆ ಬಂದ ಮೇಲೆ ಹಿರಿಯರು, “ತೋರ್ಸೋರು ಬೇಕಾದಷ್ಟು ಜನ ಅವ್ರೆ. ವಾಪಸ್ ಕರ್ಕೊಂಡು ಬರೋನು ಬೇಕು” ಎಂದು ಅವನ ಹೆಸರಿನ ಮುಂದೆ ಗುರುತು ಹಾಕಿಸಿದರು.

ಸಂಕ್ರಾಂತಿಗೆ ಅವನ ಊರಿಗೆ ಹೋಗಿದ್ದೆ. ಒಕ್ಕಣೆ ಮುಗಿದಿದ್ದಿತು. ಈ ಸಲವೂ ಆನೆಗಳು ಬಂದಿದ್ದವು. ಒಂದಷ್ಟು ತಿಂದೂ ಇದ್ದವು. ಮೊದಲ ರಾತ್ರಿ ಕಳೆದ ಬೆಳಗ್ಗೆ ಹುಡುಗನು ಹೊಲದ ಬದುವಿನಲ್ಲಿ ಹೆಜ್ಜೆಗಳನ್ನು ನೋಡಿ, “ಮರಿ ಇದೆಯಪ್ಪಾ, ಇನ್ನು ಮೇಲೆ ಅಟ್ಟಣೆಯಿಂದ ಇಳಿಯಬೇಡಿ” ಎಂದನಂತೆ. ಪಂಜು ಹಿಡಿದು ಆನೆಯ ಹತ್ತಿರಕ್ಕೇ ನುಗ್ಗುವುದು ತಂದೆಯ ರೂಢಿ. ಅಂದಿನಿಂದ ಅವರು ಇಳಿಯಲಿಲ್ಲ. ಅವರ ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿತೇ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎಳ್ಳುಬೆಲ್ಲ ಕೊಟ್ಟ ಮೇಲೆ ಅವರು ಗೋಡೆಯ ಮೊಳೆಗೆ ನೇತುಹಾಕಿದ್ದ ಒಂದು ಗೋಣಿದಾರವನ್ನು ತೆಗೆದು ತಂದರು. ಅದರಲ್ಲಿ ಮೂರು ಗಂಟುಗಳಿದ್ದವು.

“ನಾನೇ ಅಳೆದದ್ದು ಮೇಷ್ಟ್ರೇ. ಇದು ಮರಿ. ಇದು ತಾಯಿ, ಏಳೂವರೆ ಅಡಿ. ಈ ಮೂರನೇದು ಮೊನ್ನೆ ಒಂದೇ ಬಂದಿತ್ತು. ಅದ್ಯಾವುದು ಅಂತ ಹುಡುಗ ಬಂದು ಹೇಳ್ಬೇಕು.”